ಖಿನ್ನತೆಗೆ ಯಾವ ಚಿಕಿತ್ಸೆ? ಹೊಸ ಅಧ್ಯಯನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ

ಮೊದಲು ಎರಡು ಅಂಕಿಗಳು. ಮೆದುಳಿಗೆ ಹೊರಗಿನಿಂದ ಕಾಂತೀಯ ಪ್ರಚೋದನೆ ನೀಡುವ ಹೊಸ ವಿಧಾನವೊಂದನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಪರೀಕ್ಷಿಸಿ 2022ರಲ್ಲಿ ವರದಿ ಪ್ರಕಟಿಸಿತು. ನಿಜವಾದ ಚಿಕಿತ್ಸೆ ಪಡೆದವರಲ್ಲಿ ಶೇ. 79ರಷ್ಟು ಮಂದಿ ನಾಲ್ಕು ವಾರಗಳೊಳಗೆ ಖಿನ್ನತೆಯಿಂದ ಹೊರಬಂದಿದ್ದರು. ಮೂಗಿಗೆ ಸಿಂಪಡಿಸುವ ಎಸ್ಕೆಟಮಿನ್ ಎಂಬ ಔಷಧದ ಮೇಲೆ 2023ರಲ್ಲಿ ಬಂದ ಇನ್ನೊಂದು ಪರೀಕ್ಷೆಯಲ್ಲಿ, ಎಂಟನೆಯ ವಾರಕ್ಕೆ ಹಾಗೆ ಹೊರಬಂದವರು ಶೇ. 27 ಮಾತ್ರ. ಮೊದಲನೆಯದು ಮೂರು ಪಟ್ಟು ಮೇಲು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಮೊದಲನೆಯ ಪರೀಕ್ಷೆಯಲ್ಲಿದ್ದವರು ಒಟ್ಟು 29 ಜನ, ಎರಡನೆಯದರಲ್ಲಿ 676 ಜನ. ಮೊದಲನೆಯದರಲ್ಲಿ ಎದುರಿಗಿದ್ದದ್ದು ಹುಸಿ ಚಿಕಿತ್ಸೆ, ಅಂದರೆ ನೋಡಲು ಹಾಗೆಯೇ ಇದ್ದು ನಿಜವಾದ ಪ್ರಚೋದನೆ ಇಲ್ಲದ್ದು. ಎರಡನೆಯದರಲ್ಲಿ ಎದುರಿಗಿದ್ದದ್ದು ಈಗಾಗಲೇ ಬಳಕೆಯಲ್ಲಿರುವ ಕ್ವಟಿಯಾಪಿನ್ ಎಂಬ ಔಷಧ, ಅದರಿಂದಲೂ ಶೇ. 17.6 ಮಂದಿ ಗುಣಮುಖರಾಗಿದ್ದರು. ಈ ಎರಡು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಯಾವುದು ಮೇಲು ಎಂದು ಕೇಳುವುದಕ್ಕೇ ಅರ್ಥವಿಲ್ಲ.

ಹಾಗಾಗಿ ಯಾವುದೇ ಚಿಕಿತ್ಸೆಯ ಬಗ್ಗೆ ಶೇಕಡಾವಾರು ಕಣ್ಣಿಗೆ ಬಿದ್ದರೆ ಮೂರು ಪ್ರಶ್ನೆ ಕೇಳಿ: ಯಾವುದರ ಎದುರು, ಎಂಥವರಲ್ಲಿ, ಎಷ್ಟು ದಿನಕ್ಕೆ? ಜೊತೆಗೆ ‘ಸುಧಾರಣೆ’ ಮತ್ತು ‘ಗುಣ’ ಎರಡೂ ಒಂದೇ ಅಲ್ಲ ಎಂಬುದೂ ನೆನಪಿರಲಿ. ರೋಗಲಕ್ಷಣಗಳ ಅಂಕ ಅರ್ಧಕ್ಕೆ ಇಳಿದರೆ ಸಂಶೋಧಕರು ಅದನ್ನು ಸುಧಾರಣೆ ಎಂದು ಎಣಿಸುತ್ತಾರೆ. ಲಕ್ಷಣಗಳು ಬಹುತೇಕ ಇಲ್ಲವಾದರೆ ಮಾತ್ರ ಗುಣ. ಜಾಹೀರಾತುಗಳು ಸಾಮಾನ್ಯವಾಗಿ ಮೊದಲನೆಯದನ್ನೇ ಎತ್ತಿ ಹೇಳುತ್ತವೆ, ಏಕೆಂದರೆ ಆ ಅಂಕಿ ಯಾವಾಗಲೂ ದೊಡ್ಡದು.

ಹೋಲಿಕೆಗೆ ಇಳಿಯುವ ಮುನ್ನ ಇತ್ಯರ್ಥವಾಗಬೇಕಾದ ಸಂಗತಿಗಳು ಕೆಲವಿವೆ. ಸಾಯುವ ಆಲೋಚನೆಗಳು ಬರುತ್ತಿದ್ದರೆ, ಊಟ ನೀರು ಬಿಟ್ಟಿದ್ದರೆ, ಇಲ್ಲದ ದನಿಗಳು ಕೇಳಿಸುತ್ತಿದ್ದರೆ ಅದು ಆಯ್ಕೆಗಳನ್ನು ತೂಗಿ ನೋಡುವ ಹೊತ್ತಲ್ಲ, ಅಂದೇ ವೈದ್ಯರ ಬಳಿ ಹೋಗಬೇಕಾದ ಹೊತ್ತು. ಹಿಂದೆ ಎಂದಾದರೂ ಹಲವು ದಿನ ನಿದ್ದೆಯೇ ಬೇಡವೆನಿಸಿ, ಮಾತು ಮತ್ತು ಖರ್ಚು ಎರಡೂ ಮಿತಿಮೀರಿದ ಅವಧಿ ಬಂದಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಅದು ಬೈಪೋಲಾರ್ ಕಾಯಿಲೆಯಾಗಿರಬಹುದು, ಆಗ ಖಿನ್ನತೆಯ ಮಾತ್ರೆಯನ್ನು ಒಂದನ್ನೇ ಕೊಟ್ಟರೆ ಉನ್ಮಾದ ಕೆರಳುವ ಅಪಾಯವಿದೆ. ಥೈರಾಯ್ಡ್ ಕೊರತೆ, ರಕ್ತಹೀನತೆ, ಕುಡಿತ ಇವೂ ಖಿನ್ನತೆಯ ವೇಷದಲ್ಲಿ ಬರುತ್ತವೆ. ಇವೆಲ್ಲ ಅಲ್ಲವೆಂದು ಖಚಿತವಾದ ಮೇಲೆಯೇ ಮುಂದಿನ ಮಾತಿಗೆ ಬೆಲೆ.

ಮಾತ್ರೆಯೋ, ಮಾತಿನ ಚಿಕಿತ್ಸೆಯೋ

ಹೆಚ್ಚಿನವರ ಮೊದಲ ಗೊಂದಲ ಇದೇ. ಈ ಬಗ್ಗೆ ಸಂಶೋಧನೆಯೂ ಹೇರಳವಾಗಿದೆ.

ಮಾತ್ರೆಗಳ ಬಗ್ಗೆ ಅತಿ ದೊಡ್ಡ ಹೋಲಿಕೆ ಬಂದದ್ದು 2018ರಲ್ಲಿ, ಲ್ಯಾನ್ಸೆಟ್ ಪತ್ರಿಕೆಯಲ್ಲಿ. ಆಕ್ಸ್‌ಫರ್ಡ್‌ನ ಆಂಡ್ರಿಯಾ ಚಿಪ್ರಿಯಾನಿ ಮತ್ತು ಸಂಗಡಿಗರು 522 ಪರೀಕ್ಷೆಗಳನ್ನು, 1,16,477 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 21 ಔಷಧಗಳನ್ನು ತೂಗಿ ನೋಡಿದರು. ಇಪ್ಪತ್ತೊಂದೂ ಹುಸಿ ಮಾತ್ರೆಗಿಂತ ಮೇಲಾಗಿದ್ದವು. ಆದರೆ ಎಷ್ಟು ಮೇಲು? ಸರಾಸರಿ ಲೆಕ್ಕದಲ್ಲಿ ಅಂತರ ಸಾಧಾರಣವಾದದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ 1979ರಿಂದ 2016ರವರೆಗೆ ಸಲ್ಲಿಕೆಯಾದ 232 ಪರೀಕ್ಷೆಗಳ ಮೂಲ ಮಾಹಿತಿಯನ್ನು ಬಿಡಿಸಿ ನೋಡಿದ 2022ರ ವಿಶ್ಲೇಷಣೆ ಈ ಸರಾಸರಿಯ ಒಳಗನ್ನು ತೋರಿಸಿತು. ಹುಸಿ ಮಾತ್ರೆಯಿಂದ ಸಿಗುವುದನ್ನು ಮೀರಿದ ದೊಡ್ಡ ಪ್ರಯೋಜನ ಕಂಡವರು ನೂರರಲ್ಲಿ ಸುಮಾರು 15 ಮಂದಿ. ಎಂದರೆ ಮಾತ್ರೆ ಎಲ್ಲರಿಗೂ ಚೂರುಪಾರು ಕೆಲಸ ಮಾಡುವುದಲ್ಲ, ಕೆಲವರಿಗೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಉಳಿದವರಲ್ಲಿ ಅದರ ಪಾಲು ಕಡಿಮೆ. ಆ ಹದಿನೈದರಲ್ಲಿ ನೀವಿದ್ದೀರೋ ಇಲ್ಲವೋ ಎಂಬುದನ್ನು ಮುಂಚಿತವಾಗಿ ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ದಿನನಿತ್ಯದ ಚಿಕಿತ್ಸೆಗೆ ಇನ್ನೂ ಬಂದಿಲ್ಲ. ವಂಶವಾಹಿ ಪರೀಕ್ಷೆ ಮಾಡಿಸಿ ಮಾತ್ರೆ ಆರಿಸುವ ಸೇವೆಗಳು ಮಾರಾಟಕ್ಕಿವೆ, ನಿಜ. ಅಮೆರಿಕದ ಸುಮಾರು 1,900 ಮಾಜಿ ಸೈನಿಕರ ಮೇಲೆ ನಡೆದ 2022ರ ಪರೀಕ್ಷೆಯಲ್ಲಿ ಅದರಿಂದ ಸಿಕ್ಕ ಲಾಭ ಚಿಕ್ಕದಾಗಿತ್ತು, ಆರು ತಿಂಗಳ ಹೊತ್ತಿಗೆ ಅದೂ ಮಾಯವಾಗಿತ್ತು. ಹಣ ಕೊಟ್ಟು ಮಾಡಿಸುವಷ್ಟು ಬಲವಾದ ಕಾರಣ ನನಗಂತೂ ಅದರಲ್ಲಿ ಕಾಣುವುದಿಲ್ಲ.

ಮಾತಿನ ಚಿಕಿತ್ಸೆಗಳಲ್ಲಿ ಅತಿ ಹೆಚ್ಚು ಪರೀಕ್ಷೆಗೊಳಗಾದದ್ದು ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಬದಲಿಸಿಕೊಳ್ಳಲು ಕಲಿಸುವ ಅರಿವಿನ ವರ್ತನಾ ಚಿಕಿತ್ಸೆ. ಪಿಮ್ ಕುಯ್ಪರ್ಸ್ ಅವರ ತಂಡ 2023ರಲ್ಲಿ 409 ಪರೀಕ್ಷೆಗಳನ್ನು, 52,702 ರೋಗಿಗಳನ್ನು ಒಳಗೊಂಡ ವಿಶ್ಲೇಷಣೆ ಪ್ರಕಟಿಸಿತು. ಮೊದಲ ಕೆಲವು ತಿಂಗಳಲ್ಲಿ ಸಿಬಿಟಿ ಮತ್ತು ಮಾತ್ರೆ ಸಮಸಮ. ಆರರಿಂದ ಹನ್ನೆರಡು ತಿಂಗಳ ನಂತರ ನೋಡಿದರೆ ಸಿಬಿಟಿ ಮುಂದೆ. ಎರಡನ್ನೂ ಸೇರಿಸಿದರೆ ಮಾತ್ರೆಯೊಂದಕ್ಕಿಂತ ಮೇಲು, ಆದರೆ ಸಿಬಿಟಿಯೊಂದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ‘ಎರಡೂ ಸೇರಿದರೆ ಇಮ್ಮಡಿ ಗುಣ’ ಎಂಬ ಜನಪ್ರಿಯ ನಂಬಿಕೆಯನ್ನು ಇದು ಸ್ವಲ್ಪ ಸಡಿಲಿಸುತ್ತದೆ. ಒಂದು ಎಚ್ಚರಿಕೆಯ ಮಾತು ಮಾತ್ರ ಇಲ್ಲೇ ಬರಬೇಕು. ಮಾತಿನ ಚಿಕಿತ್ಸೆಯ ಪರೀಕ್ಷೆಯಲ್ಲಿ ತನಗೆ ಯಾವುದು ಸಿಗುತ್ತಿದೆ ಎಂಬುದು ರೋಗಿಗೆ ಗೊತ್ತೇ ಇರುತ್ತದೆ, ಮಾತ್ರೆಯಲ್ಲಿ ಮಾಡುವಂತೆ ಅದನ್ನು ಮುಚ್ಚಿಡಲು ಬರುವುದಿಲ್ಲ. ಜೊತೆಗೆ ಅನೇಕ ಪರೀಕ್ಷೆಗಳಲ್ಲಿ ಎದುರು ಗುಂಪು ಎಂದರೆ ಸರದಿಗೆ ಕಾಯುತ್ತಿರುವವರು. ಕಾಯುವವರ ಎದುರು ಯಾವ ಚಿಕಿತ್ಸೆಯೂ ಚೆನ್ನಾಗಿಯೇ ಕಾಣುತ್ತದೆ.

ಸಿಬಿಟಿಯಲ್ಲಿ ನುರಿತ ಮನಶ್ಶಾಸ್ತ್ರಜ್ಞರು ಎಲ್ಲರಿಗೂ ಸಿಗುವುದಿಲ್ಲ ಎಂಬುದು ದೊಡ್ಡ ಅಡ್ಡಿ. ಈ ಅಡ್ಡಿಯನ್ನು ದಾಟಿದ ಮೂರು ಅಧ್ಯಯನಗಳು ನನಗೆ ಹೊಸ ಔಷಧಗಳಿಗಿಂತ ಹೆಚ್ಚು ಮುಖ್ಯವಾಗಿ ಕಾಣುತ್ತವೆ. ಬ್ರಿಟನ್ನಿನಲ್ಲಿ 440 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಕೋಬ್ರಾ ಪರೀಕ್ಷೆ ಒಂದು. ಅದರಲ್ಲಿ ಸಿಬಿಟಿಗಿಂತ ಸರಳವಾದ ‘ವರ್ತನಾ ಸಕ್ರಿಯಗೊಳಿಕೆ’ಯನ್ನು ಮನೋಚಿಕಿತ್ಸೆಯಲ್ಲಿ ವೃತ್ತಿತರಬೇತಿಯಿಲ್ಲದ ಕಿರಿಯ ಕಾರ್ಯಕರ್ತರು ನೀಡಿದರು. ಫಲ ಸಿಬಿಟಿಗೆ ಕಡಿಮೆಯಿರಲಿಲ್ಲ. ಈ ವಿಧಾನದ ಒಳತಿರುಳು ಇಷ್ಟೆ: ಮನಸ್ಸು ಸರಿಯಾದ ಮೇಲೆ ಕೆಲಸಕ್ಕೆ ಇಳಿಯೋಣ ಎಂದು ಕಾಯದೆ, ವಾರದ ವೇಳಾಪಟ್ಟಿ ಬರೆದು, ಬಿಟ್ಟುಬಿಟ್ಟ ಕೆಲಸಗಳನ್ನು ಚಿಕ್ಕ ಚಿಕ್ಕ ಪಾಲಿನಲ್ಲಿ ಮತ್ತೆ ಶುರುಮಾಡುವುದು, ಯಾವುದರಿಂದ ಮನಸ್ಸು ಎಷ್ಟು ಮೇಲೆದ್ದಿತು ಎಂದು ಗುರುತಿಸಿಕೊಳ್ಳುವುದು. ಇದೇ ತತ್ತ್ವದ ಮೇಲೆ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಜನರು ಆರರಿಂದ ಎಂಟು ಭೇಟಿಗಳಲ್ಲಿ ನೀಡಿದ ಆಪ್ತಸಲಹೆ, ತೀವ್ರ ಖಿನ್ನತೆಯಿದ್ದವರಲ್ಲೂ ಫಲ ಕೊಟ್ಟಿತು ಎಂದು 2017ರ ವರದಿ ಹೇಳುತ್ತದೆ. ಜಿಂಬಾಬ್ವೆಯ ಹರಾರೆಯಲ್ಲಿ ಚಿಕಿತ್ಸಾಲಯದ ಅಂಗಳದ ಬೆಂಚಿನ ಮೇಲೆ ಕುಳಿತು ಹಿರಿಯ ಮಹಿಳಾ ಆರೋಗ್ಯ ಕಾರ್ಯಕರ್ತೆಯರು ನಡೆಸಿದ ಕಾರ್ಯಕ್ರಮ ಮೂರನೆಯದು. ಸಮಸ್ಯೆಯನ್ನು ಬಿಡಿಸಿ ನೋಡಿ ಪರಿಹಾರ ಹುಡುಕುವ ಈ ಮಾತುಕತೆಗೆ ಬಂದವರಲ್ಲಿ ಆರು ತಿಂಗಳ ನಂತರ ಖಿನ್ನತೆಯ ಲಕ್ಷಣಗಳಿದ್ದವರು ಶೇ. 14ರಷ್ಟು, ಎಂದಿನ ಆರೈಕೆಯ ಗುಂಪಿನಲ್ಲಿ ಶೇ. 50ರಷ್ಟು. 573 ಜನರ ಈ ಅಧ್ಯಯನ ಪ್ರಕಟವಾದದ್ದು 2016ರಲ್ಲಿ.

ಆಯ್ಕೆಯ ಮಾತಿಗೆ ಬಂದರೆ, ಸೌಮ್ಯ ಖಿನ್ನತೆಗೆ ಮೊದಲು ಮಾತಿನ ಚಿಕಿತ್ಸೆ ಅಥವಾ ವರ್ತನಾ ಸಕ್ರಿಯಗೊಳಿಕೆ, ಮಾತ್ರೆ ನಂತರ. ಮಧ್ಯಮ ಮಟ್ಟದಲ್ಲಿ ಎರಡರಲ್ಲಿ ಯಾವುದು ಬೇಗ ಮತ್ತು ಬಿಡದೆ ಸಿಗುತ್ತದೆಯೋ ಅದು. ತೀವ್ರವಾಗಿ, ಪುಸ್ತಕದ ಒಂದು ಪುಟ ಓದುವ ಏಕಾಗ್ರತೆಯೂ ಇಲ್ಲದ ಸ್ಥಿತಿಯಲ್ಲಿ ಮಾತ್ರೆಯಿಂದ ಶುರುಮಾಡಿ, ತಲೆ ಸ್ವಲ್ಪ ಹಗುರವಾದ ಮೇಲೆ ಮಾತಿನ ಚಿಕಿತ್ಸೆಯನ್ನು ಸೇರಿಸಿಕೊಳ್ಳುವುದು ಒಳ್ಳೆಯದು. ಖಿನ್ನತೆಯ ಜೊತೆ ಆತಂಕ ಬೆರೆತಿದ್ದರೆ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಬ್ರಿಟನ್ನಿನ ಸಾಮಾನ್ಯ ವೈದ್ಯರ ಬಳಿ ಬಂದ 655 ಜನರ ಮೇಲೆ ನಡೆದ 2019ರ ಪಾಂಡಾ ಪರೀಕ್ಷೆಯಲ್ಲಿ ಸರ್ಟ್ರಾಲಿನ್ ಮಾತ್ರೆ ಆರು ವಾರದಲ್ಲಿ ಖಿನ್ನತೆಯ ಲಕ್ಷಣಗಳನ್ನು ಗಣನೀಯವಾಗಿ ಇಳಿಸಲಿಲ್ಲ, ಆತಂಕವನ್ನು ಇಳಿಸಿತು. ‘ಇನ್ನೂ ಬೇಸರ ಹೋಗಿಲ್ಲ, ಆದರೆ ಎದೆ ಡವಗುಟ್ಟುವುದು ನಿಂತಿದೆ’ ಎಂದು ರೋಗಿಗಳು ಹೇಳುವುದಕ್ಕೆ ಇದು ಹೊಂದುತ್ತದೆ. ಆ ಹಂತದಲ್ಲಿ ಮಾತ್ರೆ ವ್ಯರ್ಥ ಎಂದು ತೀರ್ಮಾನಿಸಿ ಬಿಟ್ಟುಬಿಡುವುದು ಅವಸರ.

ಮಾತ್ರೆಗಳ ನಡುವೆ

ಯಾವ ಮಾತ್ರೆ ಹೆಚ್ಚು ಶಕ್ತಿಶಾಲಿ ಎಂಬ ಪ್ರಶ್ನೆಗಿಂತ ಯಾವ ಅಡ್ಡಪರಿಣಾಮವನ್ನು ನೀವು ಸಹಿಸಬಲ್ಲಿರಿ ಎಂಬುದು ಹೆಚ್ಚು ಉಪಯುಕ್ತ ಪ್ರಶ್ನೆ. ಗುಣದಲ್ಲಿ ಮಾತ್ರೆಗಳ ನಡುವಿನ ಅಂತರ ಚಿಕ್ಕದು, ಅಡ್ಡಪರಿಣಾಮದಲ್ಲಿ ದೊಡ್ಡದು. ಲ್ಯಾನ್ಸೆಟ್‌ನಲ್ಲಿ 2025ರಲ್ಲಿ ಬಂದ ವಿಶ್ಲೇಷಣೆ 30 ಔಷಧಗಳ ದೈಹಿಕ ಪರಿಣಾಮಗಳನ್ನು 58,000ಕ್ಕೂ ಹೆಚ್ಚು ಜನರ ಮಾಹಿತಿಯಿಂದ ಹೋಲಿಸಿತು. ಸುಮಾರು ಎಂಟು ವಾರಗಳ ಬಳಕೆಯಲ್ಲೇ ಒಂದು ತುದಿಯ ಔಷಧಕ್ಕೂ ಇನ್ನೊಂದು ತುದಿಯದಕ್ಕೂ ದೇಹತೂಕದಲ್ಲಿ ಸುಮಾರು 4 ಕಿಲೊ, ಹೃದಯ ಬಡಿತದಲ್ಲಿ ನಿಮಿಷಕ್ಕೆ 21ರಷ್ಟು ವ್ಯತ್ಯಾಸ ಕಂಡಿತು. ಮಧುಮೇಹ, ರಕ್ತದೊತ್ತಡ, ಹೃದಯದ ತೊಂದರೆ ಇರುವವರಿಗೆ ಇದು ಸಣ್ಣ ಮಾತಲ್ಲ.

ಸ್ಥೂಲವಾಗಿ ಹೇಳುವುದಾದರೆ, ಸರ್ಟ್ರಾಲಿನ್ ಮತ್ತು ಎಸ್ಸಿಟಲೋಪ್ರಾಮ್ ಹೆಚ್ಚಿನ ವೈದ್ಯರು ಮೊದಲು ಬರೆಯುವ ಮಾತ್ರೆಗಳು. ಮೊದಲ ವಾರದಲ್ಲಿ ವಾಕರಿಕೆ, ಚಡಪಡಿಕೆ ಆಗಬಹುದು, ಲೈಂಗಿಕ ಆಸಕ್ತಿ ಕುಗ್ಗುವುದು ಸಾಮಾನ್ಯ. ಈ ಕೊನೆಯ ತೊಂದರೆಯನ್ನು ವೈದ್ಯರು ಕೇಳುವುದಿಲ್ಲ, ರೋಗಿಗಳು ಹೇಳುವುದಿಲ್ಲ. ಮಾತ್ರೆ ಸದ್ದಿಲ್ಲದೆ ನಿಂತುಹೋಗುವುದು ಬಹಳ ಸಲ ಈ ಸಂಕೋಚದಿಂದಲೇ. ನಿದ್ದೆ ಹತ್ತದೆ, ಊಟ ಸೇರದೆ ಸೊರಗಿದವರಿಗೆ ಮಿರ್ಟಜಪಿನ್ ಅನುಕೂಲ, ತೂಕದ ಚಿಂತೆ ಇರುವವರಿಗೆ ಅದೇ ಅನನುಕೂಲ. ಬುಪ್ರೊಪಿಯಾನ್‌ನಲ್ಲಿ ಲೈಂಗಿಕ ತೊಂದರೆಯೂ ತೂಕವೇರಿಕೆಯೂ ಕಡಿಮೆ, ಆದರೆ ಅಪಸ್ಮಾರ ಇರುವವರಿಗೆ ಅದು ಸಲ್ಲದು. ಅಮಿಟ್ರಿಪ್ಟಿಲಿನ್ ಹಳೆಯದು, 2018ರ ಹೋಲಿಕೆಯಲ್ಲಿ ಗುಣದ ಅಂಕದಲ್ಲಿ ಮೊದಲ ಸ್ಥಾನ ಅದರದ್ದೇ, ಆದರೆ ಬಾಯಿ ಒಣಗುವುದು, ಮಲಬದ್ಧತೆ, ಮಂಪರು, ಮಿತಿಮೀರಿದ ಪ್ರಮಾಣ ನುಂಗಿದರೆ ಪ್ರಾಣಾಪಾಯ ಇವೆಲ್ಲ ಅದರ ಜೊತೆಗೇ ಬರುತ್ತವೆ. ಇಪ್ಪತ್ತೈದು ವರ್ಷದೊಳಗಿನವರು ಯಾವುದೇ ಮಾತ್ರೆ ಶುರುಮಾಡಿದಾಗ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಆಲೋಚನೆಗಳು ಹೆಚ್ಚುತ್ತವೆಯೇ ಎಂದು ಮನೆಯವರು ಗಮನಿಸಬೇಕು.

ಮೆದುಳಿನಲ್ಲಿ ಸೆರೊಟೊನಿನ್ ಎಂಬ ರಾಸಾಯನಿಕದ ಕೊರತೆಯಿಂದ ಖಿನ್ನತೆ ಬರುತ್ತದೆ ಎಂಬ ಸಿದ್ಧಾಂತಕ್ಕೆ ಗಟ್ಟಿಯಾದ ಆಧಾರವಿಲ್ಲ ಎಂದು ಜೊವಾನಾ ಮಾನ್‌ಕ್ರೀಫ್ ಅವರ ತಂಡ 2022ರಲ್ಲಿ ಬರೆದಾಗ ಗದ್ದಲವೆದ್ದಿತು. ‘ಹಾಗಾದರೆ ಮಾತ್ರೆ ಸುಳ್ಳು’ ಎಂದು ಅನೇಕರು ತೀರ್ಮಾನಿಸಿದರು. ಅದು ತಪ್ಪು ತರ್ಕ. ಮಾತ್ರೆ ಕೆಲಸ ಮಾಡುತ್ತದೆಯೇ ಎಂಬುದು ಒಂದು ಪ್ರಶ್ನೆ, ಹೇಗೆ ಮಾಡುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಡುವುದು ಪರೀಕ್ಷೆಗಳು, ಸಿದ್ಧಾಂತವಲ್ಲ.

ನಡಿಗೆ, ಓಟ, ಯೋಗ

ವ್ಯಾಯಾಮವನ್ನು ‘ಅದೂ ಮಾಡಿ’ ಎಂದು ಕೊನೆಯಲ್ಲಿ ಸೇರಿಸುವ ರೂಢಿಯನ್ನು ಈಚಿನ ಅಧ್ಯಯನಗಳು ಪ್ರಶ್ನಿಸುತ್ತವೆ. ಬಿಎಂಜೆ ಪತ್ರಿಕೆಯಲ್ಲಿ 2024ರಲ್ಲಿ ಬಂದ ವಿಶ್ಲೇಷಣೆ 218 ಪರೀಕ್ಷೆಗಳನ್ನು, 14,170 ಜನರ ಮಾಹಿತಿಯನ್ನು ಒಳಗೊಂಡಿತ್ತು. ನಡಿಗೆ ಅಥವಾ ನಿಧಾನ ಓಟ, ಯೋಗ, ಭಾರ ಎತ್ತುವ ವ್ಯಾಯಾಮ ಇವು ಹೆಚ್ಚು ಫಲ ಕೊಟ್ಟವು. ಶ್ರಮ ಹೆಚ್ಚಿದಂತೆ ಫಲವೂ ಹೆಚ್ಚಿತು. ಆದರೆ ಅದರಲ್ಲಿದ್ದ ಬಹುತೇಕ ಪರೀಕ್ಷೆಗಳ ಗುಣಮಟ್ಟ ಉತ್ತಮವಾಗಿರಲಿಲ್ಲ ಎಂದು ಲೇಖಕರೇ ಒಪ್ಪಿಕೊಂಡಿದ್ದಾರೆ.

ಇದಕ್ಕಿಂತ ಚಿಕ್ಕದಾದ ಒಂದು ಡಚ್ ಅಧ್ಯಯನ ಆಯ್ಕೆ ಮಾಡುವವರಿಗೆ ಹೆಚ್ಚು ಕಲಿಸುತ್ತದೆ. 2023ರಲ್ಲಿ ಪ್ರಕಟವಾದ ಅದರಲ್ಲಿ 141 ಜನರಿದ್ದರು. ಹದಿನಾರು ವಾರ ಕೆಲವರು ಮಾತ್ರೆ ತೆಗೆದುಕೊಂಡರು, ಕೆಲವರು ಗುಂಪಿನಲ್ಲಿ ಓಡಿದರು. ಗುಣಮುಖರಾದವರ ಪ್ರಮಾಣ ಎರಡೂ ಕಡೆ ಶೇ. 44ರ ಆಸುಪಾಸು. ಓಡಿದವರ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ ಸುಧಾರಿಸಿದವು; ಮಾತ್ರೆಯವರಲ್ಲಿ ಇವು ತುಸು ಹದಗೆಟ್ಟವು. ಇಲ್ಲಿಗೇ ನಿಲ್ಲಿಸಿದರೆ ಓಟವೇ ಗೆದ್ದಂತೆ. ಆದರೆ ಮಾತ್ರೆಯನ್ನು ಹೇಳಿದಂತೆ ಪಾಲಿಸಿದವರು ಶೇ. 82, ಓಟವನ್ನು ಪಾಲಿಸಿದವರು ಶೇ. 52. ಹೆಚ್ಚಿನವರು ತಾವಾಗಿಯೇ ಓಟವನ್ನು ಆರಿಸಿಕೊಂಡಿದ್ದರು, ಆದರೂ ಹೀಗೆ. ಹಾಸಿಗೆಯಿಂದ ಏಳುವುದೇ ಕಷ್ಟವೆನ್ನುವ ಕಾಯಿಲೆಗೆ ಎದ್ದು ಓಡುವ ಮದ್ದು ಬರೆದರೆ ಇಷ್ಟು ಜನ ಪಾಲಿಸಿದ್ದೇ ದೊಡ್ಡದು. ವ್ಯಾಯಾಮವನ್ನು ಆರಿಸಿಕೊಳ್ಳುವುದಾದರೆ ಗುಂಪು, ನಿಗದಿತ ಸಮಯ, ಕರೆಯಲು ಬರುವ ಒಬ್ಬರು ಇರಬೇಕು. ಒಬ್ಬರೇ ಸಂಕಲ್ಪ ಮಾಡಿಕೊಳ್ಳುವುದನ್ನು ನಾನು ಚಿಕಿತ್ಸೆ ಎಂದು ಎಣಿಸುವುದಿಲ್ಲ.

ಆತಂಕದ ಕಾಯಿಲೆಗೆ ಸಂಬಂಧಿಸಿ ಧ್ಯಾನದ ಬಗ್ಗೆಯೂ ಒಂದು ನೇರ ಹೋಲಿಕೆ ಇದೆ. 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಎಂಟು ವಾರಗಳ ಸಾವಧಾನ ಧ್ಯಾನದ ತರಬೇತಿ ಎಸ್ಸಿಟಲೋಪ್ರಾಮ್ ಮಾತ್ರೆಗೆ ಸಾಟಿಯಾಗಿ ನಿಂತಿತು. ವಾರದ ತರಗತಿ, ದಿನವೂ ಸುಮಾರು 45 ನಿಮಿಷದ ಅಭ್ಯಾಸ ಅದರ ಭಾಗವಾಗಿತ್ತು. ಮೊಬೈಲಿನಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿದ್ದಕ್ಕೆ ಈ ಫಲಿತಾಂಶ ಅನ್ವಯಿಸುವುದಿಲ್ಲ.

ಮೊದಲನೆಯದು ಫಲಿಸದಿದ್ದರೆ

ಮೊದಲ ಮಾತ್ರೆಯಲ್ಲೇ ಪೂರ್ತಿ ಗುಣವಾಗುವವರು ಸುಮಾರು ಮೂರರಲ್ಲಿ ಒಬ್ಬರು. ಅಮೆರಿಕದ ಸ್ಟಾರ್‌ಡಿ ಅಧ್ಯಯನ 2006ರಲ್ಲಿ ಹೇಳಿದ್ದು ಇದನ್ನೇ. ಒಂದರ ನಂತರ ಒಂದರಂತೆ ನಾಲ್ಕು ಹಂತ ದಾಟಿದರೆ ಶೇ. 67 ಮಂದಿ ಗುಣವಾಗುತ್ತಾರೆ ಎಂದೂ ಅದು ಲೆಕ್ಕ ಹಾಕಿತ್ತು. ಅದೇ ಮಾಹಿತಿಯನ್ನು ಮೂಲ ನಿಯಮಗಳಂತೆ ಮರುಎಣಿಕೆ ಮಾಡಿದ 2023ರ ಲೇಖನವೊಂದರ ಪ್ರಕಾರ ಆ ಪ್ರಮಾಣ ಶೇ. 35 ಮಾತ್ರ. ಮೂಲ ಸಂಶೋಧಕರು ಈ ಮರುಎಣಿಕೆಯನ್ನು ಒಪ್ಪಿಲ್ಲ. ಯಾರ ಲೆಕ್ಕ ಸರಿಯಾದರೂ ರೋಗಿಗೆ ಸಂಬಂಧಿಸಿದ ಮಾತು ಒಂದೇ: ಮೊದಲನೆಯದು ಫಲಿಸದಿರುವುದು ಅಪರೂಪವಲ್ಲ, ಅದು ನಿಮ್ಮ ದೋಷವೂ ಅಲ್ಲ.

ಫಲಿಸಿಲ್ಲ ಎನ್ನುವ ಮುನ್ನ ಸಾಕಷ್ಟು ಪ್ರಮಾಣದಲ್ಲಿ, ನಾಲ್ಕರಿಂದ ಆರು ವಾರ, ತಪ್ಪದೆ ತೆಗೆದುಕೊಂಡಿದ್ದೀರೇ ಎಂದು ನೋಡಬೇಕು. ಅದಾದ ಮೇಲೆ ಎರಡು ದಾರಿ: ಮಾತ್ರೆ ಬದಲಿಸುವುದು ಅಥವಾ ಇರುವುದಕ್ಕೆ ಇನ್ನೊಂದನ್ನು ಸೇರಿಸುವುದು. ಈಚಿನ ಪುರಾವೆ ಸೇರಿಸುವುದರ ಕಡೆ ವಾಲುತ್ತಿದೆ. 60 ದಾಟಿದವರ ಮೇಲೆ ನಡೆದ 2023ರ ಆಪ್ಟಿಮಮ್ ಪರೀಕ್ಷೆಯಲ್ಲಿ, ಇರುವ ಮಾತ್ರೆಗೆ ಅರಿಪಿಪ್ರಜೋಲ್ ಸೇರಿಸಿದವರಲ್ಲಿ ಶೇ. 29ರಷ್ಟು, ಬುಪ್ರೊಪಿಯಾನ್ ಸೇರಿಸಿದವರಲ್ಲಿ ಶೇ. 28ರಷ್ಟು ಗುಣಮುಖರಾದರು, ಮಾತ್ರೆಯನ್ನು ಬುಪ್ರೊಪಿಯಾನ್‌ಗೆ ಬದಲಿಸಿದವರಲ್ಲಿ ಶೇ. 19. ಆದರೆ ಬುಪ್ರೊಪಿಯಾನ್ ಸೇರಿಸಿದ ಗುಂಪಿನಲ್ಲಿ ಬೀಳುವ ಘಟನೆಗಳು ಎಲ್ಲರಿಗಿಂತ ಹೆಚ್ಚು. ವಯಸ್ಸಾದವರಲ್ಲಿ ಸೊಂಟದ ಮೂಳೆ ಮುರಿಯುವುದೆಂದರೆ ಏನೆಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಶೇ. 28 ಮತ್ತು 29 ಕಾಗದದ ಮೇಲೆ ಸಮವಾದರೂ ಮನೆಯಲ್ಲಿ ಸಮವಲ್ಲ.

ಟಿಎಂಎಸ್, ಕೆಟಮಿನ್, ಇಸಿಟಿ

ಎರಡು ಮೂರು ಮಾತ್ರೆಗಳೂ ಮಾತಿನ ಚಿಕಿತ್ಸೆಯೂ ಸೋತ ಮೇಲೆ ಮುಂದೆ ಬರುವ ಮೂರು ಹೆಸರುಗಳಿವು.

ಟಿಎಂಎಸ್ ಎಂದರೆ ತಲೆಯ ಮೇಲೆ ಸುರುಳಿಯಿಟ್ಟು ಕಾಂತೀಯ ತುಡಿತಗಳನ್ನು ಮೆದುಳಿನ ಮುಂಭಾಗಕ್ಕೆ ಕಳುಹಿಸುವುದು. ಅರಿವಳಿಕೆ ಬೇಡ, ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ, ನೆನಪಿಗೆ ತೊಂದರೆಯಿಲ್ಲ. ತಲೆನೋವು ಸಾಮಾನ್ಯ, ಅಪಸ್ಮಾರದ ಸೆಳೆತ ಅತಿ ವಿರಳ. ತಲೆಯಲ್ಲಿ ಲೋಹದ ಸಾಧನ ಅಳವಡಿಸಿದ್ದರೆ ಮಾಡುವಂತಿಲ್ಲ. ಇದರ ದೊಡ್ಡ ತೊಡಕು ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ ಬಂದು ಹೋಗುವುದು. 414 ಜನರ ಮೇಲೆ ನಡೆದ 2018ರ ಕೆನಡಾದ ಪರೀಕ್ಷೆ ಇದನ್ನು ಸ್ವಲ್ಪ ಹಗುರ ಮಾಡಿತು. ದಿನಕ್ಕೆ 37 ನಿಮಿಷ ಹಿಡಿಯುತ್ತಿದ್ದ ಚಿಕಿತ್ಸೆಯನ್ನು ಮೂರು ನಿಮಿಷಕ್ಕೆ ಇಳಿಸಿದರೂ ಫಲ ಅಷ್ಟೇ ಇತ್ತು. ಆರಂಭದಲ್ಲಿ ಹೇಳಿದ ಸ್ಟ್ಯಾನ್‌ಫರ್ಡ್ ವಿಧಾನ ಇದರದ್ದೇ ಮುಂದುವರಿಕೆ: ದಿನಕ್ಕೆ ಹತ್ತು ಬಾರಿ, ಐದೇ ದಿನ, ಪ್ರತಿಯೊಬ್ಬರ ಮೆದುಳಿನ ಸ್ಕ್ಯಾನ್ ನೋಡಿ ಗುರಿ ನಿಗದಿ. ಆಸೆ ಹುಟ್ಟಿಸುವ ವಿಧಾನ, ಆದರೆ 29 ಜನರ ಫಲಿತಾಂಶವನ್ನು ನಂಬಿ ದೊಡ್ಡ ಮೊತ್ತ ಸುರಿಯುವ ಮುನ್ನ ಮಾಮೂಲಿ ಟಿಎಂಎಸ್ ಸಿಗುತ್ತದೆಯೇ ಎಂದು ವಿಚಾರಿಸಿ.

ಕೆಟಮಿನ್ ಹಳೆಯ ಅರಿವಳಿಕೆ ಔಷಧ. ಅತಿ ಕಡಿಮೆ ಪ್ರಮಾಣದಲ್ಲಿ ರಕ್ತನಾಳಕ್ಕೆ ಹನಿಸಿದರೆ ವಾರಗಟ್ಟಲೆ ಕಾಯುವ ಬದಲು ಗಂಟೆಗಳಲ್ಲಿ, ದಿನಗಳಲ್ಲಿ ಮನಸ್ಸು ಮೇಲೇಳುತ್ತದೆ. ಅದರ ಒಂದು ಭಾಗವಾದ ಎಸ್ಕೆಟಮಿನ್ ಅನ್ನು ಮೂಗಿನ ಸ್ಪ್ರೇ ರೂಪದಲ್ಲಿ ಅಮೆರಿಕ ಒಪ್ಪಿದ್ದು 2019ರ ಮಾರ್ಚ್‌ನಲ್ಲಿ. ಸಿಂಪಡಿಸಿಕೊಂಡ ಮೇಲೆ ಎರಡು ಗಂಟೆ ಚಿಕಿತ್ಸಾಲಯದಲ್ಲೇ ನಿಗಾದಲ್ಲಿರಬೇಕು, ಮರುದಿನದವರೆಗೆ ವಾಹನ ಓಡಿಸುವಂತಿಲ್ಲ. ರಕ್ತದೊತ್ತಡ ಏರುತ್ತದೆ, ದೇಹದಿಂದ ಬೇರ್ಪಟ್ಟಂಥ ವಿಚಿತ್ರ ಅನುಭವವಾಗುತ್ತದೆ, ಚಟವಾಗುವ ಸಾಧ್ಯತೆಯೂ ಇದೆ. ಫಲ ಬೇಗ ಬರುವಂತೆ ಬೇಗ ಇಳಿಯುತ್ತದೆ, ಆದ್ದರಿಂದ ಮತ್ತೆ ಮತ್ತೆ ಬರಬೇಕಾಗುತ್ತದೆ.

ಇಸಿಟಿ, ಅಂದರೆ ಮೆದುಳಿಗೆ ಕ್ಷಣಕಾಲ ವಿದ್ಯುತ್ ಹಾಯಿಸುವ, ಜನ ಶಾಕ್ ಕೊಡುವುದು ಎಂದು ಹೆದರುವ ಚಿಕಿತ್ಸೆ, ಈಗ ನಡೆಯುವುದು ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಕೊಟ್ಟ ನಂತರ. ಸಿನಿಮಾಗಳು ಇದಕ್ಕೆ ಮಾಡಿದ ಅನ್ಯಾಯ ಸಣ್ಣದಲ್ಲ. ಚಿಕಿತ್ಸೆಯ ಆಸುಪಾಸಿನ ದಿನಗಳ ನೆನಪು ಮಸುಕಾಗುವುದು ಅದರ ನಿಜವಾದ ಬೆಲೆ.

ಕೆಟಮಿನ್ ಮತ್ತು ಇಸಿಟಿಯನ್ನು ಎದುರುಬದುರು ನಿಲ್ಲಿಸಿದ ಎರಡು ದೊಡ್ಡ ಪರೀಕ್ಷೆಗಳು ತದ್ವಿರುದ್ಧ ಉತ್ತರ ಕೊಟ್ಟಿವೆ. ಸ್ವೀಡನ್ನಿನ ನೇತೃತ್ವದ, 186 ಜನರ ಪರೀಕ್ಷೆಯಲ್ಲಿ ಇಸಿಟಿಯಿಂದ ಶೇ. 63, ಕೆಟಮಿನ್‌ನಿಂದ ಶೇ. 46 ಗುಣಮುಖರಾದರು. ಅಮೆರಿಕದಲ್ಲಿ 403 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕೆಟಮಿನ್‌ನಿಂದ ಶೇ. 55 ಮಂದಿಗೆ, ಇಸಿಟಿಯಿಂದ ಶೇ. 41 ಮಂದಿಗೆ ಸುಧಾರಣೆಯಾಯಿತು. ಯಾರನ್ನು ನಂಬುವುದು? ‘ಎಂಥವರಲ್ಲಿ’ ಎಂಬ ಪ್ರಶ್ನೆ ಇಲ್ಲಿ ಗಂಟನ್ನು ಬಿಡಿಸುತ್ತದೆ. ಸ್ವೀಡನ್ನಿನ ರೋಗಿಗಳೆಲ್ಲ ಆಸ್ಪತ್ರೆಗೆ ದಾಖಲಾಗಿದ್ದವರು, ಭ್ರಮೆಗಳಿದ್ದವರೂ ಅವರಲ್ಲಿದ್ದರು. ಅಮೆರಿಕದ ಪರೀಕ್ಷೆ ಭ್ರಮೆಗಳಿದ್ದವರನ್ನು ಹೊರಗಿಟ್ಟಿತ್ತು, ಹೆಚ್ಚಿನವರು ಮನೆಯಿಂದ ಬಂದು ಹೋಗುತ್ತಿದ್ದರು. ಹಾಗೆ ನೋಡಿದರೆ ಎರಡೂ ಸರಿ. ಊಟ ಬಿಟ್ಟು, ಮಾತು ನಿಂತು, ಭ್ರಮೆಗಳ ಮಟ್ಟಕ್ಕೆ ಇಳಿದವರಿಗೆ, ಅದರಲ್ಲೂ ವಯಸ್ಸಾದವರಿಗೆ ಇಸಿಟಿ. ಓಡಾಡಿಕೊಂಡಿದ್ದು, ಮಾತ್ರೆಗಳಿಗೆ ಬಗ್ಗದ ಖಿನ್ನತೆಯಿಂದ ನರಳುವವರು, ನೆನಪಿನ ನಷ್ಟಕ್ಕೆ ಅಂಜುವವರು ಮೊದಲು ಕೆಟಮಿನ್ ಅಥವಾ ಟಿಎಂಎಸ್ ಪ್ರಯತ್ನಿಸಬಹುದು.

ಕೆಟಮಿನ್ ಬಗ್ಗೆ ನನ್ನ ಉತ್ಸಾಹವನ್ನು ಹಿಡಿದಿಟ್ಟಿರುವುದು ಸ್ಟ್ಯಾನ್‌ಫರ್ಡ್‌ನದೇ 2023ರ ಇನ್ನೊಂದು ಸಣ್ಣ ಅಧ್ಯಯನ. ಬೇರೆ ಕಾರಣಕ್ಕೆ ಶಸ್ತ್ರಚಿಕಿತ್ಸೆಗೆ ಬಂದ, ಖಿನ್ನತೆಯೂ ಇದ್ದ 40 ಜನರಿಗೆ ಅರಿವಳಿಕೆಯಲ್ಲಿ ಮಲಗಿದ್ದಾಗಲೇ ಕೆಟಮಿನ್ ಅಥವಾ ಹುಸಿ ದ್ರವ ಕೊಟ್ಟರು. ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗಳಿಗೆ ತಿಳಿಯುವ ದಾರಿಯೇ ಇರಲಿಲ್ಲ. ಎರಡೂ ಗುಂಪು ಚೆನ್ನಾಗಿ ಸುಧಾರಿಸಿದವು, ನಡುವೆ ಅಂತರವಿರಲಿಲ್ಲ. ನಿರೀಕ್ಷೆಗೂ ಆರೈಕೆಗೂ ಇಷ್ಟು ಬಲವಿದೆ. ಇದರಿಂದ ಕೆಟಮಿನ್ ನಿಷ್ಪ್ರಯೋಜಕ ಎಂದು ಸಾಬೀತಾಗುವುದಿಲ್ಲ, ಆದರೆ ‘ಪವಾಡ’ ಎಂಬ ಪದವನ್ನು ಯಾರಾದರೂ ಬಳಸಿದರೆ ಅನುಮಾನಿಸಲು ಸಾಕು.

ಇನ್ನೂ ಕಾಯಬೇಕಾದವು

ಕೆಲವು ಜಾತಿಯ ಅಣಬೆಯಲ್ಲಿರುವ ಸಿಲೋಸೈಬಿನ್ ಬಗ್ಗೆ ಸುದ್ದಿ ಬಹಳ. 233 ಜನರ ಮೇಲೆ ನಡೆದ 2022ರ ಪರೀಕ್ಷೆಯಲ್ಲಿ 25 ಮಿಲಿಗ್ರಾಂ ಪಡೆದವರಲ್ಲಿ ಶೇ. 37 ಮಂದಿ ಮೂರು ವಾರಕ್ಕೆ ಸುಧಾರಿಸಿದ್ದರು, ಕೇವಲ 1 ಮಿಲಿಗ್ರಾಂ ಪಡೆದವರಲ್ಲಿ ಶೇ. 18. ಎರಡು ಗುಂಪುಗಳ ನಡುವಿನ ಅಂತರ 60 ಅಂಕದ ಮಾಪನದಲ್ಲಿ 6.6. ಮುಂದಿನ ಹಂತದ ದೊಡ್ಡ ಪರೀಕ್ಷೆಯ ಮೊದಲ ಫಲಿತಾಂಶ 2025ರ ಜೂನ್‌ನಲ್ಲಿ ಬಂದಾಗ ಆ ಅಂತರ ಆರನೆಯ ವಾರಕ್ಕೆ 3.6 ಆಗಿತ್ತು. ಪರೀಕ್ಷೆ ದೊಡ್ಡದಾದಂತೆ ಫಲ ಕುಗ್ಗುವುದು ಈ ಕ್ಷೇತ್ರದ ಹಳೆಯ ಕಥೆ. ಆಸ್ಟ್ರೇಲಿಯಾ 2023ರ ಜುಲೈಯಿಂದ ಅನುಮತಿ ಪಡೆದ ಮನೋವೈದ್ಯರಿಗೆ ಮಾತ್ರ ಇದನ್ನು ಬರೆಯಲು ಬಿಟ್ಟಿದೆ. ಹೆಚ್ಚಿನ ದೇಶಗಳಲ್ಲಿ ಪರೀಕ್ಷೆಗಳ ಹೊರಗೆ ಇದು ಕಾನೂನುಬಾಹಿರ. ತಾವೇ ತರಿಸಿ ತಿನ್ನುವುದಂತೂ ಚಿಕಿತ್ಸೆಯಲ್ಲ.

ಹೆರಿಗೆಯ ನಂತರದ ಖಿನ್ನತೆಗೆ ಜುರಾನೊಲೋನ್ ಎಂಬ 14 ದಿನಗಳ ಮಾತ್ರೆಯನ್ನು ಅಮೆರಿಕ 2023ರ ಆಗಸ್ಟ್‌ನಲ್ಲಿ ಒಪ್ಪಿತು. ಕೆಲವೇ ದಿನಗಳಲ್ಲಿ ಫಲ ಕೊಡುತ್ತದೆ, ಮಂಪರು ಹೆಚ್ಚು. ಅದು ಸಿಗದ ಕಡೆ ಸರ್ಟ್ರಾಲಿನ್ ಇದ್ದೇ ಇದೆ, ಹಾಲೂಡಿಸುವ ತಾಯಂದಿರಿಗೆ ವೈದ್ಯರು ಸಾಮಾನ್ಯವಾಗಿ ಆರಿಸುವುದೂ ಅದನ್ನೇ.

ಕೃತಕ ಬುದ್ಧಿಮತ್ತೆಯ ಜೊತೆ ಮಾತಾಡುವ ಆ್ಯಪ್‌ಗಳ ಪೈಕಿ ಡಾರ್ಟ್‌ಮತ್‌ನ ಥೆರಬಾಟ್ ಸರಿಯಾದ ಪರೀಕ್ಷೆಗೆ ಒಳಗಾಗಿದೆ. 2025ರಲ್ಲಿ ಪ್ರಕಟವಾದ, 210 ಜನರ ಪರೀಕ್ಷೆಯಲ್ಲಿ ಖಿನ್ನತೆಯ ಲಕ್ಷಣಗಳು ಸರಾಸರಿ ಶೇ. 51 ಇಳಿದವು. ಎದುರು ಗುಂಪು ಯಾವುದು? ಮತ್ತೆ ಅದೇ, ಸರದಿಗೆ ಕಾಯುವವರು. ಅಲ್ಲದೆ ಅಲ್ಲಿ ಪ್ರತಿ ಸಂಭಾಷಣೆಯ ಮೇಲೆ ತಜ್ಞರ ಕಣ್ಣಿತ್ತು. ಮೊಬೈಲಿನಲ್ಲಿರುವ ಸಾಮಾನ್ಯ ಚಾಟ್‌ಬಾಟ್‌ಗೆ ಆ ಕಾವಲಿಲ್ಲ.

ಮುಂದುವರಿಸುವುದೋ, ನಿಲ್ಲಿಸುವುದೋ

ಗುಣವಾದ ಮೇಲೆ ಬರುವ ಈ ಆಯ್ಕೆಯ ಬಗ್ಗೆ ಮಾತು ಕಡಿಮೆ, ತಪ್ಪುಗಳು ಹೆಚ್ಚು. ಗುಣವಾದ ನಂತರವೂ ಕನಿಷ್ಠ ಆರು ತಿಂಗಳು ಮಾತ್ರೆ ಮುಂದುವರಿಸಬೇಕು ಎಂಬುದು ಸಾಮಾನ್ಯ ಸಲಹೆ. ಹಲವು ಬಾರಿ ಮರುಕಳಿಸಿದ್ದರೆ ಇನ್ನೂ ಹೆಚ್ಚು ಕಾಲ. ವರ್ಷಗಟ್ಟಲೆ ಮಾತ್ರೆ ತೆಗೆದುಕೊಂಡು ಈಗ ಚೆನ್ನಾಗಿದ್ದೇವೆ, ಬಿಡೋಣವೇ ಎನ್ನುವ 478 ಜನರನ್ನು ಬ್ರಿಟನ್ನಿನ ಆಂಟ್ಲರ್ ಪರೀಕ್ಷೆ ಹಿಂಬಾಲಿಸಿತು. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ, ಒಂದು ವರ್ಷದೊಳಗೆ ಮುಂದುವರಿಸಿದವರಲ್ಲಿ ಶೇ. 39 ಮಂದಿಗೆ, ನಿಲ್ಲಿಸಿದವರಲ್ಲಿ ಶೇ. 56 ಮಂದಿಗೆ ಖಿನ್ನತೆ ಮರುಕಳಿಸಿತು. ಇದನ್ನು ಎರಡು ಬಗೆಯಲ್ಲಿ ಓದಬಹುದು. ನಿಲ್ಲಿಸುವುದರಲ್ಲಿ ಅಪಾಯವಿದೆ. ಆದರೆ ನಿಲ್ಲಿಸಿದವರಲ್ಲಿ ನೂರಕ್ಕೆ 44 ಮಂದಿ ಆ ವರ್ಷ ಮಾತ್ರೆಯಿಲ್ಲದೆ ಚೆನ್ನಾಗಿಯೇ ಇದ್ದರು. ಬಿಡಲು ಬಯಸುವವರಿಗೆ ನಡುದಾರಿಯೊಂದಿದೆ. 424 ಜನರ ಮೇಲಿನ 2015ರ ಪರೀಕ್ಷೆಯಲ್ಲಿ ಸಾವಧಾನ ಧ್ಯಾನ ಆಧಾರಿತ ಅರಿವಿನ ಚಿಕಿತ್ಸೆ ಕಲಿತು ಮಾತ್ರೆ ಇಳಿಸಿದವರಲ್ಲಿ ಎರಡು ವರ್ಷದಲ್ಲಿ ಮರುಕಳಿಕೆ ಶೇ. 44, ಮಾತ್ರೆ ಮುಂದುವರಿಸಿದವರಲ್ಲಿ ಶೇ. 47. ಅಂಕಿಅಂಶದ ದೃಷ್ಟಿಯಲ್ಲಿ ಎರಡೂ ಸಮ.

ಬಿಡುವಾಗ ಆಗುವ ತೊಂದರೆಗಳ ಬಗ್ಗೆ ಭಯವೂ ಇದೆ, ತಾತ್ಸಾರವೂ ಇದೆ. 79 ಅಧ್ಯಯನಗಳನ್ನು ಒಟ್ಟುಗೂಡಿಸಿದ 2024ರ ವಿಶ್ಲೇಷಣೆಯ ಲೆಕ್ಕದಂತೆ, ಮಾತ್ರೆ ಬಿಟ್ಟವರಲ್ಲಿ ಶೇ. 31 ಮಂದಿಗೆ ತಲೆಸುತ್ತು, ತಲೆನೋವು, ನಿದ್ದೆಗೇಡು, ಸಿಡುಕು ಇಂಥ ಲಕ್ಷಣಗಳು ಬಂದವು. ಹುಸಿ ಮಾತ್ರೆ ಬಿಟ್ಟವರಲ್ಲೂ ಶೇ. 17 ಮಂದಿಗೆ. ತೀವ್ರ ತೊಂದರೆಯಾದವರು ಶೇ. 3ರಷ್ಟು. ಅವುಗಳಲ್ಲಿ ಅನೇಕ ಪರೀಕ್ಷೆಗಳು ಮಾತ್ರೆಯನ್ನು ಕೆಲವೇ ತಿಂಗಳು ತೆಗೆದುಕೊಂಡವರದ್ದು, ಹತ್ತು ವರ್ಷ ನುಂಗಿದವರಿಗೆ ಇದೇ ಅಂಕಿ ಹೊಂದಬೇಕೆಂದಿಲ್ಲ. ವೆನ್ಲಫ್ಯಾಕ್ಸಿನ್ ಮತ್ತು ಪ್ಯಾರೊಕ್ಸೆಟಿನ್ ಬಿಡುವುದು ಹೆಚ್ಚು ಕಷ್ಟ. ಫ್ಲೂಒಕ್ಸೆಟಿನ್ ದೇಹದಿಂದ ನಿಧಾನವಾಗಿ ಹೊರಹೋಗುವುದರಿಂದ ಅದನ್ನು ಬಿಡುವುದು ಸುಲಭ. ಯಾವುದೇ ಆದರೂ ವಾರಗಳ ಮೇಲೆ, ಕೆಲವರಿಗೆ ತಿಂಗಳುಗಳ ಮೇಲೆ ಹಂತಹಂತವಾಗಿ ಇಳಿಸಬೇಕು. ಕೊನೆಯ ಹಂತಗಳು ಇನ್ನೂ ಚಿಕ್ಕದಾಗಿರಬೇಕು, ಏಕೆಂದರೆ ಮೆದುಳಿನ ಮೇಲಿನ ಪರಿಣಾಮ ಮಿಲಿಗ್ರಾಂ ಲೆಕ್ಕದಲ್ಲಿ ಸಮನಾಗಿ ಇಳಿಯುವುದಿಲ್ಲ; 20ರಿಂದ 10ಕ್ಕೆ ಬರುವುದಕ್ಕಿಂತ 5ರಿಂದ ಸೊನ್ನೆಗೆ ಬರುವುದು ದೊಡ್ಡ ಜಿಗಿತ. ಬಿಟ್ಟ ಕೆಲವೇ ದಿನಗಳಲ್ಲಿ ತಲೆಯೊಳಗೆ ಮಿಂಚು ಹರಿದಂತಾದರೆ, ತಲೆ ತಿರುಗಿದರೆ ಅದು ಬಹುಶಃ ಮಾತ್ರೆ ಬಿಟ್ಟದ್ದರ ಪರಿಣಾಮ. ವಾರಗಳು ಕಳೆದ ಮೇಲೆ ಬೇಸರ, ನಿರಾಸಕ್ತಿ ಮೆಲ್ಲಗೆ ಮರಳಿದರೆ ಅದು ಕಾಯಿಲೆ ಮರುಕಳಿಸುತ್ತಿರುವ ಸೂಚನೆ. ಮೊದಲನೆಯದಕ್ಕೆ ಹಿಂದಿನ ಪ್ರಮಾಣಕ್ಕೆ ಮರಳಿ ಇನ್ನೂ ನಿಧಾನವಾಗಿ ಇಳಿಸುವುದು ಪರಿಹಾರ. ಎರಡನೆಯದಕ್ಕೆ ಹಿಂದೆ ಫಲಿಸಿದ ಚಿಕಿತ್ಸೆಯನ್ನೇ ವೈದ್ಯರೊಡನೆ ಮಾತಾಡಿ ಮತ್ತೆ ಶುರುಮಾಡಬೇಕು.